ಎರಡು ಬಾಟಲಿ, ಒಂದು ದೋಟಿ: ಮಕ್ಕಳ ಜೊತೆ ನದಿ ನೀರು ಪರೀಕ್ಷಿಸೋದು ಹೇಗೆ?

ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೆ. ಒಂದರಲ್ಲಿ ಜುಲೈ ತಿಂಗಳ ತುಂಗೆಯ ಕೆನ್ನೀರು. ಇನ್ನೊಂದರಲ್ಲಿ ಕನ್ನಡಿಯಂಥ ತಿಳಿನೀರು. "ಯಾವುದು ಹೊಲಸು?" ಅಂತ ಕೇಳಿದೆ. ಇದ್ದ ಇಪ್ಪತ್ತೆರಡು ಮಕ್ಕಳೂ ಕೆಂಪು ಲೋಟಕ್ಕೆ ಬೆರಳು ತೋರಿಸಿದರು. ಆಮೇಲೆ ಮೇಜಿನ ಕೆಳಗಿಂದ ಯೂರಿಯಾ ಪೊಟ್ಟಣ ತೆಗೆದು ತಿಳಿನೀರಿನ ಪಕ್ಕ ಇಟ್ಟೆ. ಎರಡು ಚಮಚ ಕರಗಿಸಿದ್ದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೆಂಪು ಲೋಟದಲ್ಲಿ ಕಾಣುತ್ತಿದ್ದದ್ದು ಮಳೆಗೆ ಕೊಚ್ಚಿ ಬಂದ ಮಣ್ಣು.

"ಹಂಗಾದ್ರೆ ನೋಡಿದ್ರೆ ಗೊತ್ತಾಗಲ್ವಾ ಮಿಸ್?" ಅಂದ ಒಬ್ಬ. ಈ ಪ್ರಶ್ನೆ ಬಂತು ಅಂದರೆ ನಿಮ್ಮ ಪಾಠ ಶುರುವಾಯಿತು ಅಂತ ಲೆಕ್ಕ. (ಕೆಂಪು ನೀರೂ ಕುಡಿಯೋಕೆ ಆಗಲ್ಲ ಅನ್ನೋದನ್ನ ಮಾತ್ರ ಅಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ಯಾರಾದರೂ ಕುಡಿದು ನೋಡ್ತಾರೆ. ಯೂರಿಯಾ ಲೋಟವನ್ನಂತೂ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.)

ಎಂಟರಿಂದ ಹನ್ನೊಂದು ವರ್ಷದ ಮಕ್ಕಳನ್ನ ನದಿ ದಡಕ್ಕೆ ಕರೆದುಕೊಂಡು ಹೋಗುವ ಶಿಕ್ಷಕರಿಗೆ, ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ನನಗೆ ಗೊತ್ತಿರುವ ನದಿ ತುಂಗೆ, ಅದರಲ್ಲೂ ಶಿವಮೊಗ್ಗದ ಆಸುಪಾಸಿನ ತುಂಗೆ. ನಿಮ್ಮದು ಕಪಿಲೆ, ಘಟಪ್ರಭೆ, ಅರ್ಕಾವತಿ ಯಾವುದಾದರೂ ಇರಲಿ, ಜಾಗದ ಹೆಸರು ಬದಲಾಯಿಸಿಕೊಳ್ಳಿ. ಕ್ರಮ ಇದೇ.

ಮೊದಲ ದಿನ: ನದಿಗೆ ಹೋಗಬೇಡಿ

ಬಿಸಿಯೂಟ ಮುಗಿದ ಮೇಲೆ ಮಕ್ಕಳು ತಟ್ಟೆ ತೊಳೆಯುವ ನಲ್ಲಿ ಇರುತ್ತದಲ್ಲ, ಅಲ್ಲಿಂದ ಶುರು ಮಾಡಿ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಕೇಳಿದರೆ "ಚರಂಡಿಗೆ" ಅಂತಾರೆ. ಚರಂಡಿಯಿಂದ? ಅಲ್ಲಿಗೆ ಎಲ್ಲರೂ ಸುಮ್ನೆ. ಹಾಗಾದರೆ ನಡೆಯೋಣ ಬನ್ನಿ ಅಂತ ಹೊರಡಿ.

ಒಂದು ಮಗುವಿನ ಕೈಗೆ ನೋಟ್‌ಬುಕ್ ಕೊಡಿ. ಎಲ್ಲಿ ಚರಂಡಿಗೆ ಇನ್ನೊಂದು ಪೈಪು ಬಂದು ಸೇರುತ್ತೋ ಅಲ್ಲೊಂದು ಚುಕ್ಕೆ. ಹೋಟೆಲ್ ಹಿಂಭಾಗ, ಗಾಡಿ ತೊಳೆಯುವ ಸರ್ವಿಸ್ ಸ್ಟೇಷನ್, ದನದ ಕೊಟ್ಟಿಗೆ, ಕೋಳಿ ಅಂಗಡಿ, ನಮ್ಮ ನಿಮ್ಮ ಮನೆಯ ಬಚ್ಚಲು. ಅರ್ಧ ಗಂಟೆ ನಡೆದರೆ ನಕ್ಷೆ ತಾನಾಗಿ ಮೂಡುತ್ತದೆ. ಚರಂಡಿ ಕಾಲುವೆಗೆ, ಕಾಲುವೆ ಹಳ್ಳಕ್ಕೆ, ಹಳ್ಳ ಹೊಳೆಗೆ. ನಮ್ಮ ಹುಡುಗರು ಹತ್ತೊಂಬತ್ತು ಚುಕ್ಕೆ ಹಾಕಿದ್ದರು. ಅದರಲ್ಲಿ ಮೊದಲನೇದು ನಮ್ಮ ಶಾಲೆಯದೇ!

ಇದನ್ನ ಮೊದಲೇ ಮಾಡಿಸೋದಕ್ಕೆ ಕಾರಣ ಇದೆ. ಮಾಲಿನ್ಯ ಅಂದ ತಕ್ಷಣ ಮಕ್ಕಳು ಹೊಗೆ ಉಗುಳುವ ಕಾರ್ಖಾನೆ ಚಿತ್ರ ಬರೀತಾರೆ. ಪಠ್ಯಪುಸ್ತಕದ ಚಿತ್ರ ಅದು. ಕಾರ್ಖಾನೆಯಿಂದ ಹಾಳಾದ ನದಿಗಳು ಇವೆ, ಸುಳ್ಳಲ್ಲ. ಆದರೆ ನಮ್ಮ ದೇಶದ ಬಹುತೇಕ ಊರುಗಳ ಹತ್ತಿರ ನದಿಗೆ ಬೀಳುವ ದೊಡ್ಡ ಪಾಲು ಬಚ್ಚಲು, ಪಾಯಿಖಾನೆಯ ನೀರು. ಕಳ್ಳ ಯಾರು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹೋದರೆ ತನಿಖೆ ಯಾಕೆ ಬೇಕು, ಅಲ್ವಾ?

ಎರಡು ಜಾಗ ಆರಿಸಿ, ಆದರೆ ಮೂರು

ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೊಂದೇ. ಒಂದು ಬಾಟಲಿ ನೀರು ತಂದು "ಇದು ಕೆಟ್ಟಿದೆಯಾ?" ಅಂತ ಕೇಳಿದರೆ ಉತ್ತರ ಸಿಗಲ್ಲ. ಎರಡು ಬಾಟಲಿ ತಂದು "ಎರಡರಲ್ಲಿ ಏನು ವ್ಯತ್ಯಾಸ?" ಅಂತ ಕೇಳಿದರೆ ಎಂಟು ವರ್ಷದ ಮಗುವೂ ಹೇಳುತ್ತದೆ.

ಊರಿಗೆ ಮುಂಚೆ ಒಂದು ಜಾಗ, ಊರು ದಾಟಿದ ಮೇಲೆ ಒಂದು ಜಾಗ. ಶಿವಮೊಗ್ಗದವರಿಗೆ ಇದು ಸುಲಭ. ಮೇಲುಗಡೆ ಗಾಜನೂರಿನ ಅಣೆಕಟ್ಟೆ ಇದೆ. ಕೆಳಗಡೆ ತುಂಗೆ ಭದ್ರೆ ಸೇರುವ ಕೂಡ್ಲಿ ಇದೆ. ಸಂಗಮಕ್ಕೆ ಮುಂಚೆಯೇ ನೀರು ತೆಗೆಯಬೇಕು ಅನ್ನೋದನ್ನ ಮರೀಬೇಡಿ. ದಾಟಿದರೆ ಭದ್ರೆಯ ನೀರೂ ಬೆರೆತು ಲೆಕ್ಕ ಕೆಡುತ್ತದೆ. ಆದರೆ ಮೂರನೇ ಜಾಗವನ್ನೂ ಸೇರಿಸಿಕೊಳ್ಳಿ: ಊರಿನ ದೊಡ್ಡ ಚರಂಡಿಯೊಂದು ಹೊಳೆಗೆ ಬೀಳುವ ಬಾಯಿ. ಮೂರೂ ಕಡೆ ಒಂದೇ ದಿನ, ಒಂದೇ ಬೆಳಗ್ಗೆ ನೀರು ತೆಗೆಯಬೇಕು. ಮೊದಲು ಶುದ್ಧ ಅನ್ನಿಸುವ ಜಾಗ, ಕೊನೆಗೆ ಚರಂಡಿ ಬಾಯಿ. ಉಲ್ಟಾ ಮಾಡಿದರೆ ಚರಂಡಿಯ ಕೊಳೆ ನೀರು ತೆಗೆಯುವ ದೋಟಿಗೆ ಅಂಟಿಕೊಂಡು ಮುಂದಿನ ಬಾಟಲಿಗೂ ಹೋಗುತ್ತದೆ.

ಮೇಲುಗಡೆ ಹೋದಾಗ ಸಕ್ರೆಬೈಲಿನ ಆನೆ ಬಿಡಾರ ಹತ್ತಿರದಲ್ಲೇ ಸಿಗುತ್ತದೆ. ಆನೆ ಸ್ನಾನ ನೋಡುತ್ತಾ ಒಬ್ಬಳು ಕೇಳಿದಳು: "ಮಿಸ್, ಆನೆ ನೀರಲ್ಲೇ ಲದ್ದಿ ಹಾಕ್ತು. ಇದು ಮಾಲಿನ್ಯ ಅಲ್ವಾ?" ನಾನು ಎರಡು ನಿಮಿಷ ಸುಮ್ನೆ ನಿಂತೆ. ಹೌದು, ಅದೂ ಅದೇ ಜಾತಿಯದು. ನೀರಲ್ಲಿರುವ ಸಣ್ಣ ಸಣ್ಣ ಜೀವಿಗಳು ಲದ್ದಿಯನ್ನ ತಿಂದು ಮುಗಿಸುತ್ತವೆ. ತಿನ್ನುವಾಗ ನೀರಲ್ಲಿ ಕರಗಿರುವ ಆಮ್ಲಜನಕ ಬಳಸಿಕೊಳ್ಳುತ್ತವೆ. ಸ್ವಲ್ಪ ಲದ್ದಿ, ತುಂಬಾ ನೀರು ಇದ್ದರೆ ಹೊಳೆಗೆ ಅದು ಲೆಕ್ಕಕ್ಕಿಲ್ಲ. ಕಲ್ಲಿನ ಮೇಲೆ ಹಾರುತ್ತಾ ಹರಿಯುವಾಗ ಗಾಳಿಯಿಂದ ಮತ್ತೆ ಆಮ್ಲಜನಕ ಎಳೆದುಕೊಳ್ಳುತ್ತದೆ. ಇಡೀ ಊರಿನದು ಬಂದು ಬಿದ್ದರೆ? ತಿನ್ನುವವರು ಜಾಸ್ತಿಯಾಗಿ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತಾರೆ. ಮೀನು ಉಸಿರುಗಟ್ಟಿ ಮೇಲೆ ಬಾಯಿ ಬಿಡುತ್ತವೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: "ಆನೆ ಪರವಾಗಿಲ್ಲ."

ಸುರಕ್ಷತೆ: ಇಲ್ಲಿ ಮಾತ್ರ ಕಟ್ಟುನಿಟ್ಟು

ಐದು ಮಕ್ಕಳಿಗೆ ಒಬ್ಬ ದೊಡ್ಡವರು. ಕಡಿಮೆ ಇದ್ದರೆ ಹೋಗಬೇಡಿ. ಮಳೆಗಾಲದಲ್ಲಿ ಹೊಳೆ ಹತ್ತಿರ ಬೇಡ. ಹೊಳೆ ತುಂಬಿ, ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತೋ ಇಲ್ಲವೋ ಅಂತ ಇಡೀ ಊರು ಸೇತುವೆ ಮೇಲೆ ನಿಂತು ನೋಡುವ ದಿನಗಳಲ್ಲಿ ಮಕ್ಕಳೂ ಸೇತುವೆ ಮೇಲಿಂದಲೇ ನೋಡಲಿ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆ ಕಾಲ. ಆಗಲೂ ಅಣೆಕಟ್ಟೆಯಿಂದ ನೀರು ಬಿಡುವುದಿದೆಯಾ ಅಂತ ಹಿಂದಿನ ದಿನ ವಿಚಾರಿಸಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣಲ್ಲ, ಮೊಣಕಾಲು ನೀರು ಅಂತ ಇಳಿದ ಕಡೆ ಆಳು ಮುಳುಗುವಷ್ಟು ಇರಬಹುದು.

ಮಕ್ಕಳು ನದಿಗೆ ಇಳಿಯುವುದೇ ಬೇಡ. ಕೈಕಾಲಲ್ಲಿ ಗಾಯ ಇರುವವರು ನೀರು ಮುಟ್ಟುವುದೂ ಬೇಡ, ಇಲಿ ಜ್ವರದ ರೋಗಾಣು ಗಾಯದ ಮೂಲಕ ಒಳಗೆ ಹೋಗಬಹುದು. ಚರಂಡಿ ಬಾಯಿಯಲ್ಲಿ ನೀರು ತೆಗೆಯೋದು ದೊಡ್ಡವರ ಕೆಲಸ, ಕೈಗೆ ಗ್ಲೌಸ್ ಹಾಕಿಕೊಂಡು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವವರೆಗೆ ಯಾರೂ ಬಿಸ್ಕತ್ತಿನ ಪೊಟ್ಟಣ ಒಡೆಯಬಾರದು.

ನೀರು ತೆಗೆಯುವ ರೀತಿ

ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. ತಂಪು ಪಾನೀಯದ ಬಾಟಲಿ ಆದರೆ ಚೆನ್ನಾಗಿ ತೊಳೆದಿರಬೇಕು, ಸಕ್ಕರೆ ಉಳಿದರೆ ಪರೀಕ್ಷೆ ತಪ್ಪಾಗುತ್ತದೆ. ಕಾಯಿ ಕೀಳುವ ದೋಟಿಯ ತುದಿಗೆ ಬಾಟಲಿಯನ್ನ ಹಗ್ಗದಿಂದ ಬಿಗಿಯಾಗಿ ಕಟ್ಟಿ. ದಡದಲ್ಲಿ ನಿಂತೇ ಒಂದಷ್ಟು ದೂರದ ನೀರು ಸಿಗುತ್ತದೆ. ಅದೇ ಹೊಳೆ ನೀರಿನಲ್ಲಿ ಮೂರು ಸಲ ಗಲಬರಿಸಿ ಚೆಲ್ಲಿ. ನಾಲ್ಕನೇ ಸಲ ತುಂಬಿಸಿ. ಬಾಟಲಿಯ ಬಾಯಿ ನೀರು ಬರುವ ಕಡೆ ಇರಲಿ. ಮೇಲಿನ ಕೆನೆಯೂ ಬೇಡ, ತಳದ ಕೆಸರೂ ಬೇಡ, ನಡುವಿನ ನೀರು ಬೇಕು.

ಹೆಸರನ್ನ ಬಾಟಲಿ ತುಂಬಿಸುವ ಮೊದಲೇ ಬರೆಯಿರಿ. ನಾನು ಮೊದಲ ವರ್ಷ ಆಮೇಲೆ ಬರೆಯೋಣ ಅಂತ ಬಿಟ್ಟೆ. ಒದ್ದೆ ಬಾಟಲಿಗೆ ಸ್ಟಿಕ್ಕರ್ ಅಂಟಲಿಲ್ಲ, ಮಾರ್ಕರ್ ಪೆನ್ನು ಹಿಡಿಯಲಿಲ್ಲ. ಶಾಲೆಗೆ ಬರುವಷ್ಟರಲ್ಲಿ ಗಾಜನೂರು ಯಾವುದು, ಕೂಡ್ಲಿ ಯಾವುದು ಗೊತ್ತಾಗದೆ ಇಡೀ ಭಾನುವಾರ ನೀರುಪಾಲು.

ಅಲ್ಲೇ ನಿಂತು ಬರೆದುಕೊಳ್ಳಬೇಕಾದ್ದು: ತಾರೀಕು, ಹೊತ್ತು, ಕೊನೆಯ ಮಳೆ ಬಂದು ಎಷ್ಟು ದಿನ ಆಯ್ತು, ದಡದಲ್ಲಿ ಏನೇನಿದೆ. ನೀರಿನ ವೇಗವನ್ನೂ ನೋಡಬಹುದು. ಹತ್ತು ಮೀಟರ್ ಅಳೆದು, ಮೇಲಿನ ತುದಿಯಲ್ಲಿ ಒಂದು ಕಿತ್ತಳೆ ಹಣ್ಣು ಎಸೆದು, ಕೆಳಗಿನ ತುದಿಗೆ ಬರೋದಕ್ಕೆ ಎಷ್ಟು ಸೆಕೆಂಡ್ ಅಂತ ಎಣಿಸಿ. ಒಣ ಎಲೆ ಬೇಡ, ಅದನ್ನ ಗಾಳಿ ತಳ್ಳುತ್ತದೆ. ಕಿತ್ತಳೆ ಮುಕ್ಕಾಲು ಮುಳುಗಿಕೊಂಡೇ ತೇಲುವುದರಿಂದ ನೀರು ಹೋದಷ್ಟೇ ವೇಗದಲ್ಲಿ ಹೋಗುತ್ತದೆ.

ಮೂಗು ಅನ್ನೋ ಯಂತ್ರ

ಬಣ್ಣಕ್ಕಿಂತ ವಾಸನೆ ಜಾಸ್ತಿ ಹೇಳುತ್ತದೆ. ಆದರೆ ಮಕ್ಕಳಿಗೆ "ವಾಸನೆ ಹೇಗಿದೆ?" ಅಂದರೆ "ಥೂ" ಅಂತಾರೆ, ಅಷ್ಟೇ. ಅದಕ್ಕೇ ಮೊದಲೇ ಪದಗಳ ಪಟ್ಟಿ ಮಾಡಿಸಿ. ನಮ್ಮಲ್ಲಿ ಎಷ್ಟೊಂದು ಮಾತುಗಳಿವೆ! ಎಣ್ಣೆ ಹಳಸಿದರೆ ಕಮಟು. ಒದ್ದೆ ಬಟ್ಟೆ ಮಡಚಿಟ್ಟರೆ ಮುಗ್ಗಲು. ಮೊದಲ ಮಳೆಯ ಮಣ್ಣಿನ ವಾಸನೆ, ಪಾಚಿ ವಾಸನೆ, ಸೋಪಿನ ವಾಸನೆ, ಕೊಳೆತ ಮೊಟ್ಟೆಯ ವಾಸನೆ. ಮುಚ್ಚಳ ತೆಗೆದು, ಬಾಟಲಿಗೆ ಮೂಗು ತೂರಿಸದೆ, ಕೈಯಿಂದ ಗಾಳಿಯನ್ನ ಮೂಗಿನ ಕಡೆ ಬೀಸಿಕೊಳ್ಳಲಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಅಲ್ಲಿ ಆಮ್ಲಜನಕ ಮುಗಿದಿದೆ ಅಂತ ಅರ್ಥ. ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲದ ವಾಸನೆ ಅದು.

ಆರತಿ ತಟ್ಟೆಯ ಪರೀಕ್ಷೆ

ಆರತಿ ನೀರು ಕೆಂಪಾಗೋದು ಹೇಗೆ ಅಂತ ಕೇಳಿ. ಮನೆಯಲ್ಲಿ ನೋಡಿದ ಮಗು ತಕ್ಷಣ ಹೇಳುತ್ತದೆ: ಅರಿಶಿನದ ನೀರಿಗೆ ಸುಣ್ಣ. ಸುಣ್ಣ ಕ್ಷಾರ. ಅರಿಶಿನ ಕ್ಷಾರ ಕಂಡರೆ ಕೆಂಪಾಗುತ್ತದೆ. ಬಟ್ಟೆ ಸೋಪೂ ಕ್ಷಾರವೇ. ಬಿಳಿ ಅಂಗಿಯ ಮೇಲಿನ ಸಾರಿನ ಕಲೆಗೆ ಸೋಪು ಹಚ್ಚಿದ ತಕ್ಷಣ ಕೆಂಪಾಗುವುದು ಇದಕ್ಕೇ.

ಒಂದು ಚಮಚ ಅರಿಶಿನವನ್ನ ಸ್ವಲ್ಪ ಸ್ಯಾನಿಟೈಸರ್‌ನಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ನೆರಳಲ್ಲಿ ಒಣಗಿಸಿ. ಪಟ್ಟಿಗಳಾಗಿ ಕತ್ತರಿಸಿ. ಬಟ್ಟೆ ಒಗೆದ ನೀರಿಗೆ ಅದ್ದಿದರೆ ಕೆಂಪು. ಹೊಳೆ ನೀರಿಗೆ ಅದ್ದಿದರೆ ಬಹುತೇಕ ಏನೂ ಆಗಲ್ಲ. ಮಕ್ಕಳ ಮುಖ ಬಾಡುತ್ತದೆ. ಬಾಡಲಿ ಬಿಡಿ. ಅರಿಶಿನ ಗುರುತಿಸೋದು ಸ್ವಲ್ಪ ಜೋರಾದ ಕ್ಷಾರವನ್ನ ಮಾತ್ರ. ಹೊಳೆಯ ಅಷ್ಟು ನೀರಲ್ಲಿ ಸೋಪು ತೆಳುವಾಗಿಬಿಡುತ್ತದೆ. ಏನೂ ಬದಲಾಗಲಿಲ್ಲ ಅನ್ನೋದನ್ನೂ ಪಟ್ಟಿಯಲ್ಲಿ ಬರೆಯಬೇಕು ಅಂತ ಕಲಿಸೋದಕ್ಕೆ ಇದಕ್ಕಿಂತ ಒಳ್ಳೆ ಸಂದರ್ಭ ಸಿಗಲ್ಲ. ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಅಂಕಿಯಲ್ಲಿ ತೋರಿಸುವ ಅಂಗಡಿಯ ಪಿಎಚ್ ಪಟ್ಟಿ ಸಿಕ್ಕರೆ ಅದನ್ನೂ ಬಳಸಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಪಿಎಚ್ 6.5ರಿಂದ 8.5ರ ಒಳಗಿರಬೇಕು.

ಟಿಡಿಎಸ್ (ನೀರಲ್ಲಿ ಕರಗಿರುವ ವಸ್ತುಗಳ ಅಳತೆ) ಮೀಟರ್ ಬಗ್ಗೆ ಒಂದು ಮಾತು. ನೀರಿನ ಫಿಲ್ಟರ್ ಮಾರುವವರು ಮನೆಗೆ ಬಂದು ಪೆನ್ನಿನಂಥ ಮೀಟರ್ ಅದ್ದಿ ಹೆದರಿಸುತ್ತಾರಲ್ಲ, ಅದೇ. ಮಕ್ಕಳ ಮುಂದೆ ಒಂದು ಲೋಟಕ್ಕೆ ಸಕ್ಕರೆ, ಇನ್ನೊಂದಕ್ಕೆ ಚಿಟಿಕೆ ಉಪ್ಪು ಹಾಕಿ ಅದ್ದಿ. ಉಪ್ಪಿಗೆ ಅಂಕಿ ಜಿಗಿಯುತ್ತದೆ, ಸಕ್ಕರೆಗೆ ಕದಲೋದೇ ಇಲ್ಲ. ವಿದ್ಯುತ್ ಹರಿಸುವ ಲವಣಗಳನ್ನ ಮಾತ್ರ ಅದು ಎಣಿಸುತ್ತದೆ. ರೋಗಾಣು ಅದಕ್ಕೆ ಕಾಣಲ್ಲ. ಎರಡು ಜಾಗ ಹೋಲಿಸೋಕೆ ಉಪಯೋಗ, ನೀರು ಒಳ್ಳೇದೋ ಕೆಟ್ಟದ್ದೋ ಹೇಳೋಕೆ ಅಲ್ಲ.

ನೀಲಿ ಬಾಟಲಿ: ನನ್ನ ಅಚ್ಚುಮೆಚ್ಚಿನದು

ಸಮಯ ಕಡಿಮೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನ ಮಾಡಿ.

ಅಕ್ವೇರಿಯಂ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಮೆಥಿಲೀನ್ ಬ್ಲೂ ಸಿಗುತ್ತದೆ. ನೀರಲ್ಲಿ ಆಮ್ಲಜನಕ ಇರುವವರೆಗೆ ಅದು ನೀಲಿ. ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನ ಮುಗಿಸಿದ ಮೇಲೆ ಅದರ ಬಣ್ಣವೇ ಹೋಗಿಬಿಡುತ್ತದೆ.

ನಾಲ್ಕು ಒಂದೇ ಅಳತೆಯ ಸಣ್ಣ ಪಾರದರ್ಶಕ ಬಾಟಲಿ ತನ್ನಿ. ಒಂದಕ್ಕೆ ನಲ್ಲಿ ನೀರು, ಉಳಿದ ಮೂರಕ್ಕೆ ಮೂರು ಜಾಗದ ನೀರು. ಒಂದೊಂದಕ್ಕೂ ಲೆಕ್ಕ ಮಾಡಿ ಅಷ್ಟೇ ಹನಿ ಬಣ್ಣ, ಆಕಾಶದ ತಿಳಿನೀಲಿ ಬಂದರೆ ಸಾಕು. ಕಂಠದವರೆಗೆ ತುಂಬಿಸಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಳ ಬಿಗಿ ಮಾಡಿ. ಗುಳ್ಳೆ ಅಂದರೆ ಗಾಳಿ, ಗಾಳಿ ಅಂದರೆ ಹೊಸ ಆಮ್ಲಜನಕ. ಹನಿ ಹಾಕೋದು, ಮುಚ್ಚೋದು ದೊಡ್ಡವರೇ ಮಾಡಬೇಕು. ಯೂನಿಫಾರ್ಮಿಗೆ ಬಿದ್ದರೆ ಆ ನೀಲಿ ಹೋಗಲ್ಲ, ಅಮ್ಮಂದಿರ ಫೋನ್ ಬರುತ್ತದೆ. ಅನುಭವ. ಬಾಟಲಿಗಳನ್ನ ಕತ್ತಲ ಬೀರುವಿನಲ್ಲಿಡಿ. ಬೆಳಕಲ್ಲಿಟ್ಟರೆ ಪಾಚಿ ಹೊಸ ಆಮ್ಲಜನಕ ಮಾಡಿಬಿಡುತ್ತದೆ.

ದಿನಕ್ಕೆ ಎರಡು ಸಲ ಬೀರು ತೆಗೆದು ನೋಡಿ ಬಣ್ಣ ಬರೆದುಕೊಳ್ಳಬೇಕು. ಮುಚ್ಚಳ ತೆಗೆಯುವಂತಿಲ್ಲ, ಅಲ್ಲಾಡಿಸುವಂತಿಲ್ಲ. ಕಳೆದ ಸಲ ನಾವು ಸೋಮವಾರ ಬೆಳಗ್ಗೆ ಇಟ್ಟೆವು. ಮಂಗಳವಾರ ಬೆಳಗ್ಗೆ ಪ್ರಾರ್ಥನೆ ಆದಮೇಲೆ ಬೀರು ತೆಗೆದರೆ ಚರಂಡಿ ಬಾಯಿಯ ಬಾಟಲಿ ತಳದಿಂದ ಬಿಳಿಚಿಕೊಂಡು ಬರುತ್ತಿತ್ತು. ಕುತ್ತಿಗೆ ಹತ್ತಿರ ಮಾತ್ರ ಒಂದು ನೀಲಿ ಉಂಗುರ. ಮಧ್ಯಾಹ್ನಕ್ಕೆ ಅದೂ ಇಲ್ಲ. ಊರು ದಾಟಿದ ನೀರು ಗುರುವಾರ ಮಸುಕಾಯಿತು. ಮೇಲಿನ ಜಾಗದ್ದು, ನಲ್ಲಿಯದ್ದು ಶನಿವಾರವೂ ನೀಲಿ. ಮಕ್ಕಳು ಇದಕ್ಕೆ "ಸಾಯೋ ಬಾಟಲಿ" ಅಂತ ಹೆಸರಿಟ್ಟರು. ನಾನು ತಿದ್ದಲಿಲ್ಲ.

ಪ್ರಯೋಗಾಲಯದಲ್ಲಿ ಇದೇ ವಿಚಾರವನ್ನ ಅಂಕಿಯಲ್ಲಿ ಅಳೆಯುತ್ತಾರೆ. ಅದಕ್ಕೆ ಬಿಒಡಿ ಅನ್ನೋದು, ಅಂದರೆ ನೀರಿನ ಕೊಳೆಯನ್ನ ತಿನ್ನೋಕೆ ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಲೆಕ್ಕ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನಕ್ಕೆ ಯೋಗ್ಯವಾದ ಹೊಳೆ ನೀರಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಬಿಒಡಿ 3 ಮಿಲಿಗ್ರಾಂ ಮೀರಬಾರದು. ನೀಲಿ ಬಾಟಲಿ ಈ ಅಂಕಿ ಕೊಡಲ್ಲ. ಯಾವುದು ಮುಂದೆ, ಯಾವುದು ಹಿಂದೆ ಅನ್ನೋದನ್ನ ಹೇಳುತ್ತದೆ.

ಮುಗಿದ ಮೇಲೆ ಈ ನೀರನ್ನ ಹೊಳೆಗೆ ಚೆಲ್ಲಬೇಡಿ. ದೊಡ್ಡವರು ಬ್ಲೀಚಿಂಗ್ ಪೌಡರ್ ಹಾಕಿ, ಅರ್ಧ ಗಂಟೆ ಬಿಟ್ಟು, ಪಾಯಿಖಾನೆಗೆ ಸುರಿಯಲಿ.

ಕಲ್ಲಿನ ಕೆಳಗಿನ ಸಾಕ್ಷಿಗಳು

ಇದನ್ನ ದೊಡ್ಡ ಹೊಳೆಯಲ್ಲಿ ಮಾಡಬೇಡಿ, ಅದಕ್ಕೆ ಸೇರುವ ಪಾದ ಮುಳುಗುವಷ್ಟು ನೀರಿನ ಸಣ್ಣ ಹಳ್ಳದಲ್ಲಿ ಮಾಡಿ. ಹಳ್ಳಕ್ಕೆ ಕೊಳಚೆ ಸೇರುತ್ತಿದ್ದರೆ ಅಲ್ಲಿಯೂ ಇಳಿಯಬೇಡಿ. ಒಂದು ಅಂಗೈ ಅಗಲದ ಕಲ್ಲನ್ನ ಎತ್ತಿ ಬಿಳಿ ಐಸ್‌ಕ್ರೀಮ್ ಡಬ್ಬಿಯ ನೀರಲ್ಲಿ ಮೆಲ್ಲಗೆ ಉಜ್ಜಿ. ಎರಡು ನಿಮಿಷ ಕಾಯಿರಿ. ಡಬ್ಬಿಯಲ್ಲಿ ಪುಟ್ಟ ಹುಳಗಳು ಓಡಾಡೋಕೆ ಶುರು ಮಾಡುತ್ತವೆ.

ಬಾಲದಲ್ಲಿ ಮೂರು ಎಳೆ, ಹೊಟ್ಟೆಯ ಎರಡೂ ಪಕ್ಕ ಪುಟ್ಟ ಗರಿ ಬೀಸುವ ಹುಳ ಸಿಕ್ಕರೆ ಅದು ಮೇಫ್ಲೈ ಮರಿ. ಆ ಗರಿಗಳೇ ಅದರ ಕಿವಿರು. ಮರಳು ಕಾಳು, ಕಡ್ಡಿ ಚೂರು ಅಂಟಿಸಿಕೊಂಡು ತನಗೆ ತಾನೇ ಮನೆ ಕಟ್ಟಿಕೊಂಡದ್ದು ಕ್ಯಾಡಿಸ್ ಹುಳ. ಇವೆಲ್ಲ ಹೆಚ್ಚಾಗಿ ಆಮ್ಲಜನಕ ಚೆನ್ನಾಗಿರುವ ಕಡೆಯೇ ಬದುಕುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ, ಏಡಿ ನಡುಮಧ್ಯದವು. ಬರೀ ಜಿಗಣೆ, ಬಸವನಹುಳು, ಕೆಂಪು ದಾರದಂಥ ಹುಳಗಳೇ ಸಿಕ್ಕರೆ ಅನುಮಾನ ಪಡಿ. ಆ ಕೆಂಪು ಹುಳದ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಇದೆ. ಇದ್ದ ಚೂರು ಆಮ್ಲಜನಕವನ್ನೇ ಹಿಡಿದಿಟ್ಟುಕೊಂಡು ಬದುಕುತ್ತದೆ.

ನೀರಿನ ಬಾಟಲಿ ಆ ಒಂದು ಗಳಿಗೆಯ ಕತೆ ಹೇಳುತ್ತದೆ. ಹುಳಗಳು ಕಳೆದ ಕೆಲವು ವಾರಗಳದ್ದನ್ನ ಹೇಳುತ್ತವೆ. ರಾತ್ರಿ ಹೊತ್ತು ಯಾರಾದರೂ ಏನನ್ನೋ ಸುರಿದು ಹೋದರೆ ಬೆಳಗ್ಗೆ ನೀರು ತಿಳಿಯಾಗಿರಬಹುದು, ಹುಳ ಮಾತ್ರ ಇರಲ್ಲ. ನೋಡಿ ಆದಮೇಲೆ ಕಲ್ಲನ್ನ ಮೊದಲಿದ್ದ ಮಗ್ಗುಲಿಗೇ ವಾಪಸ್ ಇಡಿಸಿ.

ದಡದ ಜನರನ್ನ ಕೇಳುವುದು

"ನೀರು ಹಾಳಾಗಿದೆಯಾ ಅಜ್ಜಿ?" ಅಂತ ಕೇಳಿದರೆ "ಹೂಂ ಮಗಾ" ಅನ್ನುತ್ತಾರೆ. ಅಲ್ಲಿಗೆ ಮುಗೀತು. "ಅಜ್ಜಿ, ನೀವು ಚಿಕ್ಕವರಿದ್ದಾಗ ಇಲ್ಲಿಂದ ಕುಡಿಯೋಕೆ ನೀರು ಒಯ್ತಿದ್ರಾ? ಯಾವಾಗ ಬಿಟ್ರಿ?" ಅಂತ ಕೇಳಿಸಿ. ಮೀನು ಹಿಡಿಯುವವರಿಗೆ "ಅಣ್ಣ, ಮೊದಲು ಸಿಗ್ತಿದ್ದು ಈಗ ಸಿಗದೇ ಇರೋ ಮೀನು ಯಾವುದು?" ಗಂಗಾ ಸ್ನಾನ, ತುಂಗಾ ಪಾನ ಅನ್ನುವ ಮಾತನ್ನ ನಮ್ಮ ಮಕ್ಕಳಿಗೆ ಹೇಳಿಕೊಟ್ಟದ್ದು ನಾನಲ್ಲ, ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿ. ಹೇಳಿ, ತಮ್ಮ ಕೈಲಿದ್ದ ಸೋಪನ್ನ ನೋಡಿಕೊಂಡು ನಕ್ಕರು.

ಕುಡಿಯುವ ನೀರಿನ ಪ್ರಶ್ನೆ

ಮಕ್ಕಳು ಕೊನೆಗೆ ಇದನ್ನೇ ಕೇಳುತ್ತಾರೆ: "ಮೇಲಿನ ನೀರು ಕುಡೀಬಹುದಾ?" ನಾವು ಮಾಡಿದ ಯಾವ ಪರೀಕ್ಷೆಯೂ ಅದನ್ನ ಹೇಳಲ್ಲ. ಮಲದ ರೋಗಾಣು ಇದೆಯಾ ಅಂತ ನೋಡೋಕೆ ರಾಸಾಯನಿಕ ಹಾಕಿ ಸಿದ್ಧ ಮಾಡಿದ ಬೇರೆ ಸೀಸೆ ಇದೆ. ನೀರು ಹಾಕಿ ಒಂದೆರಡು ದಿನ ಬೆಚ್ಚಗಿಟ್ಟರೆ, ರೋಗಾಣು ಇದ್ದಲ್ಲಿ ಕಪ್ಪಾಗುತ್ತದೆ. ಈ ವಿಧಾನವನ್ನ 1982ರಲ್ಲಿ ಪ್ರಕಟಿಸಿದವರು ಭಾರತದವರೇ, ಮಾಂಜಾ ಮತ್ತು ಸಂಗಡಿಗರು. ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ತರಬೇತಿ ಪಡೆದ ಅಕ್ಕನನ್ನೇ ಶಾಲೆಗೆ ಕರೆಸಿ ಮಾಡಿಸಿ. ಕಪ್ಪಾದ ಸೀಸೆಯನ್ನ ಮಕ್ಕಳು ಮುಟ್ಟಬಾರದು.

ಬರೆದು ಕೊಡುವುದು

ಒಂದು ದೊಡ್ಡ ಚಾರ್ಟು. ಅಡ್ಡಕ್ಕೆ ಮೂರು ಜಾಗ, ಉದ್ದಕ್ಕೆ ವಾಸನೆ, ಅರಿಶಿನ, ನೀಲಿ ಹೋದ ದಿನ, ಸಿಕ್ಕ ಹುಳ. ಪಕ್ಕದಲ್ಲಿ ಮೊದಲ ದಿನದ ಚರಂಡಿ ನಕ್ಷೆ. ಇದನ್ನ ಮಕ್ಕಳ ಗ್ರಾಮಸಭೆಯಲ್ಲಿ ಓದಿಸಿ. ನಗರದಲ್ಲಿದ್ದರೆ ನಿಮ್ಮ ವಾರ್ಡಿನ ಕಚೇರಿಗೋ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೋ ಪತ್ರ ಬರೆಸಿ. ಜಲಮಾಲಿನ್ಯ ತಡೆಯೋಕೆ ಅಂತ 1974ರಿಂದಲೇ ಕಾನೂನು ಇದೆ.

ಪತ್ರದಲ್ಲಿ ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ ಇರಲಿ. "ನಮ್ಮ ಹೊಳೆ ಸಾಯುತ್ತಿದೆ" ಅಂತ ನಮ್ಮ ಹುಡುಗನೊಬ್ಬ ಶುರು ಮಾಡಿದ್ದ. ಪಕ್ಕದಲ್ಲಿ ಕೂತವಳು ಹೊಡೆದುಹಾಕಿ ಬರೆದಳು: "ಚರಂಡಿ ಬಾಯಿಯ ನೀರಿನ ನೀಲಿ ಒಂದೂವರೆ ದಿನದೊಳಗೆ ಹೋಯಿತು. ಗಾಜನೂರಿನ ನೀರಿನ ನೀಲಿ ಐದು ದಿನವಾದರೂ ಹೋಗಲಿಲ್ಲ. ಯಾಕೆ ಅಂತ ದಯವಿಟ್ಟು ಬಂದು ನೋಡಿ."

ಉತ್ತರ ಬರೋದಕ್ಕೆ ಕಾಯುತ್ತಾ ಕೂರಬೇಡಿ. ಮುಂದಿನ ಸಲದ ತಾರೀಕನ್ನ ಈಗಲೇ ಚಾರ್ಟಿನ ಮೂಲೆಯಲ್ಲಿ ಬರೆದಿಡಿ. ನಾವು ಡಿಸೆಂಬರಿನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಹೊಳೆ ಸೊರಗಿದಾಗ ಇನ್ನೊಮ್ಮೆ ಹೋಗುತ್ತೇವೆ. ಅದೇ ಮೂರು ಜಾಗ, ಅದೇ ಬೆಳಗ್ಗೆ ಎಂಟು ಗಂಟೆ. ದೋಟಿ ಸ್ಟಾಫ್ ರೂಮಿನ ಬಾಗಿಲ ಹಿಂದೆಯೇ ಇದೆ. ಬಾಟಲಿಗಳಿಗೆ ಹೆಸರು ಬರೆದಾಗಿದೆ.